ಬಾಗಲಕೋಟೆಯಿಂದ ಬೀಗರು ಬರುತ್ತಿದ್ದಾರೆ, ನಾಲ್ಕು ದಿನದಲ್ಲಿ ನಮ್ಮ ಕರಾವಳಿಯ ಏನನ್ನು ತೋರಿಸಲಿ?

ಇಂದ್ರಾಳಿ ಮನೆ
ಡಿಸೆಂಬರ್ ಕೊನೆಯ ವಾರ ನಾದಿನಿಯ ಗಂಡನ ಮನೆಯವರು ಬಾಗಲಕೋಟೆಯಿಂದ ಉಡುಪಿಗೆ ಬರುತ್ತಿದ್ದಾರೆ. ಏಳು ಮಂದಿ, ನಾಲ್ಕು ದಿನ. ಅಜ್ಜಿಗೆ ಮಂಡಿ ನೋವು. ಅಜ್ಜ ಗಟ್ಟಿಯಾಗಿದ್ದಾರೆ, ಆದರೆ ಎಪ್ಪತ್ತೈದು ವರ್ಷವಾದರೂ ಒಮ್ಮೆಯೂ ಸಮುದ್ರ ನೋಡಿಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಸದಾ ಚಿತ್ರ ಬರೆಯುತ್ತಿರುತ್ತಾಳೆ. ಅವಳ ತಮ್ಮನಿಗೆ ಒಂಬತ್ತು, ಒಂದು ಕಡೆ ಕೂರುವ ಮಗುವಲ್ಲ. ಎಲ್ಲರೂ ಸಸ್ಯಾಹಾರಿಗಳು.

ಕಳೆದ ವರ್ಷ ನಮ್ಮವರ ಸಹೋದ್ಯೋಗಿಗಳ ಕುಟುಂಬ ಬಂದಿತ್ತು. ಬಾಡಿಗೆ ಕಾರಿನ ಚಾಲಕ ಒಂದು ಪಟ್ಟಿ ಹಿಡಿದು ಎರಡು ದಿನದಲ್ಲಿ ಹನ್ನೊಂದು ಸ್ಥಳ ಮುಗಿಸಿಬಿಟ್ಟ. ಮಕ್ಕಳು ಕಾರಿನಲ್ಲೇ ಮಲಗಿದ್ದರು. ಹೊರಡುವಾಗ ಆ ಮನೆಯ ಹೆಂಗಸು, ನಾವು ನಿನ್ನೆ ಬೆಳಿಗ್ಗೆ ನೋಡಿದ ದೇವಸ್ಥಾನ ಯಾವುದು ಎಂದು ನನ್ನನ್ನೇ ಕೇಳಿದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಸಲ ಹಾಗಾಗಬಾರದು.

ನಾನು ಹಾಕಿದ ಲೆಕ್ಕ: ಮೊದಲ ದಿನ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೃಷ್ಣ ಮಠ, ಕಾಪು. ಎರಡನೆಯ ದಿನ ಕೊಲ್ಲೂರು, ಮರವಂತೆ, ಮುರುಡೇಶ್ವರ. ಮೂರನೆಯ ದಿನ ಕಾರ್ಕಳ, ಮೂಡುಬಿದಿರೆ, ಧರ್ಮಸ್ಥಳ. ನಾಲ್ಕನೆಯ ದಿನ ಮಂಗಳೂರು ನೋಡಿ ರೈಲು. ಇದು ಆಗುವ ಮಾತೇ?

ಮಲ್ಪೆ ಗಾಳಿ
ಆಗುವುದಿಲ್ಲ ಅಕ್ಕ. ಆ ಚಾಲಕನ ಪಟ್ಟಿಯೇ ನಿಮ್ಮ ಕೈಗೂ ಬಂದಂತಿದೆ.

ರಥಬೀದಿ
ಮೊದಲ ದಿನವೇ ನಾಲ್ಕು ಕಡೆ! ಕ್ರಿಸ್ಮಸ್ ರಜೆಯಲ್ಲಿ ಕಲ್ಸಂಕ ವೃತ್ತ ದಾಟುವುದಕ್ಕೇ ಅರ್ಧ ಗಂಟೆ ಬೇಕು. ಮಠಕ್ಕೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ರಾತ್ರಿ ಹೋಗಿ. ಮಧ್ಯಾಹ್ನ ಹೋದರೆ ಸಾಲು ಮತ್ತು ಬಿಸಿಲು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ.

ಘಟ್ಟದ ಮೇಲಿನವನು
ನಾನು ಹುಬ್ಬಳ್ಳಿ ಕಡೆಯವನು, ಮಣಿಪಾಲದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಬೀಗರ ಕಡೆಯಿಂದ ಒಂದು ಮಾತು. ಅವರು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಬೆಳೆದವರು. ಕಲ್ಲಿನ ದೇವಸ್ಥಾನ ಅವರಿಗೆ ದಿನದ ಊಟದಂತೆ. ದಿನಕ್ಕೆ ಮೂರು ದೇವಸ್ಥಾನ ಹತ್ತಿಸಿದರೆ ಅವರಿಗೆ ಹೊಸದೇನೂ ಸಿಗುವುದಿಲ್ಲ. ನನ್ನ ತಂದೆ ಮೊದಲ ಬಾರಿ ಇಲ್ಲಿಗೆ ಬಂದಾಗ ಬಾಯಿ ತೆರೆದು ನೋಡಿದ್ದು ದೇವಸ್ಥಾನವನ್ನಲ್ಲ, ಮನೆಯ ಹಿತ್ತಲಿನ ಬಾವಿಯನ್ನು. ಅಷ್ಟು ಮೇಲೆ ನೀರಿತ್ತು. ಬಗ್ಗಿದರೆ ಕೈಗೆ ಸಿಗುವ ನೀರು! ಬಾವಿಕಟ್ಟೆಯ ಮೇಲೆ ಕುಳಿತವರು ಎಬ್ಬಿಸಿದರೂ ಏಳಲಿಲ್ಲ.

ಅಲ್ಲಿ ಇಲ್ಲದ್ದನ್ನು ತೋರಿಸಿ. ನೀರು, ಮರ, ಹೆಂಚು, ದೋಣಿ, ಯಕ್ಷಗಾನದ ಆಟ.

ಬಿದಿರೆ ಮೇಷ್ಟ್ರು
ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಕಲ್ಲು ನೋಡಿದವರಿಗೆ ಕಲ್ಲು ಬೇಡ ಎನ್ನುವುದು ಸರಿಯಲ್ಲ. ಕಲ್ಲನ್ನು ಬಲ್ಲವರಿಗೇ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹೆಚ್ಚು ಅರ್ಥವಾಗುತ್ತದೆ. 1430ರಲ್ಲಿ ಕಟ್ಟಿದ್ದು. ಬಾದಾಮಿಯಲ್ಲಿ ಬೆಟ್ಟವನ್ನೇ ಕೊರೆದರು, ಪಟ್ಟದಕಲ್ಲಿನಲ್ಲಿ ಶಿಖರ ಎತ್ತಿದರು. ಇಲ್ಲಿ ಸುರಿಯುವ ಮಳೆಗೆ ಆ ಶಿಖರ ಹೊಂದುವುದಿಲ್ಲ. ಹಾಗಾಗಿ ಛಾವಣಿ ಇಳಿಜಾರಾಯಿತು, ಮೇಲಿನ ಅಂತಸ್ತುಗಳಿಗೆ ಮರ ಬಂತು. ಮಳೆ ಒಂದು ಊರಿನ ವಾಸ್ತುವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಬಾಗಲಕೋಟೆಯ ಅಜ್ಜ ಒಂದೇ ನೋಟದಲ್ಲಿ ಹಿಡಿಯುತ್ತಾರೆ.

ಚಿತ್ರ ಬರೆಯುವ ಹುಡುಗಿಗೆ ಒಂದು ಕೆಲಸ ಕೊಡಿ. ಬಸದಿಯ ಎದುರಿನ ಭೈರಾದೇವಿ ಮಂಟಪದ ಅಡಿಪಟ್ಟಿಕೆಯಲ್ಲಿ ಒಂದು ಜಿರಾಫೆ ಇದೆ, ಒಂದು ಚೀನೀ ಡ್ರ್ಯಾಗನ್ ಇದೆ. ಹುಡುಕಲಿ. ಈ ಕಡಲತೀರಕ್ಕೆ ಎಲ್ಲೆಲ್ಲಿಂದ ಹಡಗು ಬರುತ್ತಿತ್ತು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ.

ಇಂದ್ರಾಳಿ ಮನೆ
ಮೇಷ್ಟ್ರೇ, ಆ ಬಸದಿಗೆ ಐದಾರು ಸಲ ಹೋಗಿದ್ದೇನೆ. ಜಿರಾಫೆ ನೋಡಿಯೇ ಇಲ್ಲ!

ಬಿದಿರೆ ಮೇಷ್ಟ್ರು
ನಿಂತು ನೋಡಬೇಕು. ನಿಮ್ಮ ಪಟ್ಟಿಯಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲವಲ್ಲ.

ಬಾರ್ಕೂರಿನವಳು
ಇನ್ನೊಂದು ಸಂಬಂಧವನ್ನು ಯಾರೂ ಹೇಳಲಿಲ್ಲ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇದೆಯಲ್ಲ, ಅದರಲ್ಲಿ ಇಮ್ಮಡಿ ಪುಲಿಕೇಶಿ ಮಣಿಸಿದವರ ಸಾಲಿನಲ್ಲಿ ಗಂಗರ ಜೊತೆಗೆ ಆಳುಪರ ಹೆಸರೂ ಬರುತ್ತದೆ. ಆಳುಪರು ಯಾರು? ನಮ್ಮ ತುಳುನಾಡನ್ನು ನೂರಾರು ವರ್ಷ ಆಳಿದವರು. ಬಾರ್ಕೂರು ಅವರ ರಾಜಧಾನಿಯಾಗಿತ್ತು, ಮಂಗಳೂರೂ ಆಗಿತ್ತು. ಬೀಗರ ಊರಿನ ಬಂಡೆಯ ಮೇಲೆ ನಮ್ಮೂರಿನ ಅರಸರ ಹೆಸರಿದೆ ಎಂದು ಹೇಳಿ. ಅಲ್ಲಿಂದ ಮಾತು ತಾನಾಗಿಯೇ ಬೆಳೆಯುತ್ತದೆ.

ಬಾರ್ಕೂರಿಗೆ ಒಂದು ಬೆಳಿಗ್ಗೆ ಕೊಡಿ. ಕತ್ತಲೆ ಬಸದಿ, ಹಳೆಯ ಕೋಟೆಯ ಅವಶೇಷ, ಗದ್ದೆಯ ನಡುವೆ ಗುಡಿಗಳು. ಜನಜಂಗುಳಿ ಇರುವುದಿಲ್ಲ.

ಕುಡ್ಲದವಳು
ಆಳುಪರ ಮಾತು ಬಂದರೆ ಮಂಗಳೂರಿನ ಕದ್ರಿಯನ್ನು ಬಿಡುವ ಹಾಗಿಲ್ಲ. ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಆಳುಪ ಅರಸ ಕುಂದವರ್ಮನ ಹೆಸರಿದೆ, ಕಾಲ ಕ್ರಿ.ಶ. 968. ಸಾವಿರ ವರ್ಷ ದಾಟಿದ ಕಂಚು. ಹೆಚ್ಚಿನವರು ಮಂಜುನಾಥನಿಗೆ ಕೈ ಮುಗಿದು ಅದರ ಎದುರಿನಿಂದಲೇ ಹಾದು ಹೋಗುತ್ತಾರೆ. ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಮಲ್ಪೆ ಗಾಳಿ
ಎಲ್ಲರೂ ಇತಿಹಾಸಕ್ಕೇ ಹೊರಟಿರಿ. ಸಮುದ್ರವನ್ನೇ ನೋಡದ ಅಜ್ಜ ಬರುತ್ತಿದ್ದಾರೆ ಮಾರಾಯರೇ! ಅವರಿಗೆ ಮೊದಲು ಕಡಲು ತೋರಿಸಿ, ಉಳಿದದ್ದು ಆಮೇಲೆ.

ಕೋಟದ ಕಡೆ
ಹೌದು. ಆದರೆ ಮಲ್ಪೆಯಲ್ಲಿ ಬೇಡ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಕಡಲಿಗಿಂತ ಹೆಚ್ಚು ತಲೆಗಳೇ ಕಾಣುತ್ತವೆ. ಕೆಮ್ಮಣ್ಣು, ಹೂಡೆ ದಾಟಿ ಕೋಡಿಬೆಂಗ್ರೆಯ ತನಕ ಹೋಗಿ. ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸುವರ್ಣಾ ನದಿ. ತುದಿಯಲ್ಲಿ ನದಿ ಸಮುದ್ರ ಸೇರುವುದು ಕಣ್ಣೆದುರೇ ಕಾಣುತ್ತದೆ. ಅಜ್ಜ ಅಜ್ಜಿ ಇಬ್ಬರಿಗೂ ಒಂದೊಂದು ಕುರ್ಚಿ ಕಾರಿನಲ್ಲಿ ಒಯ್ಯಿರಿ. ಮಂಡಿ ನೋವಿನವರು ಮರಳಿನ ಮೇಲೆ ಕುಳಿತರೆ ಏಳುವುದು ಕಷ್ಟ.

ಮಲ್ಪೆ ಗಾಳಿ
ಮಲ್ಪೆಯನ್ನು ಹೀಗೆ ತೆಗೆದುಹಾಕಬೇಡಿ. ಬೆಳಿಗ್ಗೆ ಆರೂವರೆಗೆ ಬನ್ನಿ, ತೀರ ಖಾಲಿ ಇರುತ್ತದೆ. ಬಂದರಿನಲ್ಲಿ ದೋಣಿಗಳು ಬಂದು ನಿಲ್ಲುವುದು, ಮೀನು ಇಳಿಸುವುದು, ಹರಾಜು ಕೂಗುವುದು, ಮಂಜುಗಡ್ಡೆ ಪುಡಿ ಮಾಡುವುದು, ಇವೆಲ್ಲ ಒಂಬತ್ತು ವರ್ಷದ ಹುಡುಗನಿಗೆ ಬೇರೆಲ್ಲಿ ಸಿಗುತ್ತದೆ?

ಅಡುಗೆಮನೆ
ಅವರು ಸಸ್ಯಾಹಾರಿಗಳು ಎಂದು ಬರೆದಿದ್ದಾರೆ. ಬಂದರಿನ ವಾಸನೆಗೆ ಅಜ್ಜಿ ಎರಡು ದಿನ ಊಟ ಬಿಟ್ಟಾರು.

ಮಲ್ಪೆ ಗಾಳಿ
ಸಾವಿರಾರು ಮನೆಗಳಿಗೆ ಅನ್ನ ಕೊಡುವ ಜಾಗ ಅದು. ಅಜ್ಜಿ ಬೇಡ, ಹುಡುಗನೂ ಅವನ ಅಪ್ಪನೂ ಬರಲಿ. ನಾನೇ ಕರೆದುಕೊಂಡು ಹೋಗುತ್ತೇನೆ. ತಿನ್ನದವರು ನೋಡಬಾರದು ಎಂದು ಎಲ್ಲಿದೆ?

ಇಂದ್ರಾಳಿ ಮನೆ
ತುಂಬ ಸಂತೋಷ ಅಣ್ಣ. ಅವರಿಬ್ಬರನ್ನು ಕಳುಹಿಸುತ್ತೇನೆ. ದ್ವೀಪದ ಬಗ್ಗೆ ಏನು ಹೇಳುತ್ತೀರಿ?

ಮಲ್ಪೆ ಗಾಳಿ
ದಿನದ ಮೊದಲ ದೋಣಿಗೆ ಹೋಗಿ. ತಡವಾದಷ್ಟೂ ಸಾಲು ಉದ್ದ, ಬಿಸಿಲೂ ಹೆಚ್ಚು. ದೋಣಿ ಹತ್ತಿ ಇಳಿಯುವಾಗ ಕಾಲು ಎತ್ತಿ ಇಡಬೇಕಾಗುತ್ತದೆ, ಅಜ್ಜಿಗೆ ಒತ್ತಾಯ ಮಾಡಬೇಡಿ. ಬಂಡೆಗಳ ಹತ್ತಿರ ಯಾರೂ ನೀರಿಗಿಳಿಯಬಾರದು. ಕಾವಲಿನವರು ಸೀಟಿ ಊದಿದರೆ ಜಗಳವಾಡದೆ ಹಿಂದೆ ಬನ್ನಿ. ಘಟ್ಟದ ಮೇಲಿನವರಿಗೆ ನದಿಯ ಈಜು ಗೊತ್ತಿರುತ್ತದೆ, ಅದೇ ಧೈರ್ಯದಲ್ಲಿ ಕಡಲಿಗೆ ಇಳಿಯುತ್ತಾರೆ. ಕಡಲಿನ ಸೆಳೆತ ಬೇರೆಯೇ. ದಡಕ್ಕೆ ಎಳೆದು ತಂದವರ ಮುಖಗಳನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ರಥಬೀದಿ
ದ್ವೀಪದ ಬಸಾಲ್ಟ್ ಕಂಬಗಳ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಕಲ್ಲು ಎಂದಷ್ಟೇ ನೋಡಿ ಬರುತ್ತಾರೆ.

ಶಿಲೆ ಓದುವವಳು
ಸಣ್ಣ ತಿದ್ದುಪಡಿ. ಎಲ್ಲರೂ ಬಸಾಲ್ಟ್ ಎನ್ನುತ್ತಾರೆ, ಆದರೆ ಅಲ್ಲಿಯ ಶಿಲೆ ಮುಖ್ಯವಾಗಿ ಡೇಸೈಟ್ ಮತ್ತು ರಯೋಲೈಟ್ ಜಾತಿಯದು. ಬಸಾಲ್ಟ್‌ಗಿಂತ ಸಿಲಿಕಾ ಹೆಚ್ಚು. ಲಾವಾ ತಣ್ಣಗಾಗುತ್ತ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು. ಕೆರೆಯ ಕೆಸರು ಒಣಗಿ ಬಿರಿಯುವುದನ್ನು ಬಾಗಲಕೋಟೆಯ ಮಕ್ಕಳು ಪ್ರತಿ ಬೇಸಿಗೆಯಲ್ಲೂ ನೋಡಿರುತ್ತಾರೆ, ಅದೇ ರೀತಿ. ಬಿರುಕು ಆಳಕ್ಕೆ ಇಳಿದಂತೆ ಐದು, ಆರು, ಏಳು ಮುಖದ ಕಂಬಗಳಾದವು. ಇದು ನಡೆದು ಸುಮಾರು 8.8 ಕೋಟಿ ವರ್ಷವಾಯಿತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲ. ಅದೇ ಪ್ರಾಯದ ಜ್ವಾಲಾಮುಖಿ ಶಿಲೆ ಅಲ್ಲೂ ಸಿಗುತ್ತದೆ.

ಕಂಬದ ಮೇಲೆ ನಿಂತು ಪಶ್ಚಿಮಕ್ಕೆ ಕೈ ತೋರಿಸಿ, ಒಂದು ಕಾಲಕ್ಕೆ ಅಲ್ಲಿ ನೀರಿರಲಿಲ್ಲ, ನೆಲ ಮುಂದುವರಿದಿತ್ತು ಎಂದು ಹೇಳಿ. ಆ ಹುಡುಗ ಒಂದು ಕ್ಷಣವಾದರೂ ಸುಮ್ಮನೆ ನಿಲ್ಲುತ್ತಾನೆ.

ರಥಬೀದಿ
ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ವರ್ಷ ತಪ್ಪಾಗಿಯೇ ಹೇಳುತ್ತಿದ್ದೆ. ಬಂದವರಿಗೆ ವಾಸ್ಕೋ ಡ ಗಾಮನ ಕಥೆ ಬೇರೆ ಸೇರಿಸುತ್ತಿದ್ದೆ.

ಶಿಲೆ ಓದುವವಳು
1498ರಲ್ಲಿ ಅವನು ಅಲ್ಲಿ ಇಳಿದು ಹೆಸರಿಟ್ಟ ಎಂಬುದು ಜನರ ಬಾಯಲ್ಲಿರುವ ಕಥೆ. ಕಥೆ ಎಂದೇ ಹೇಳಿ, ಅಡ್ಡಿಯಿಲ್ಲ.

ಹೆಂಚಿನ ಮಾಡು
ಅಕ್ಕ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನಿಮ್ಮ ಪಟ್ಟಿಯಲ್ಲೇ ಇಲ್ಲ! ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು ಒಂದೊಂದೇ ತೊಲೆ, ಒಂದೊಂದೇ ಕಂಬ ಜೋಡಿಸಿ ಮತ್ತೆ ನಿಲ್ಲಿಸಿದ ಜಾಗ. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್. ಬೀಗರಿಗಾಗಿ ಮುಖ್ಯವಾದದ್ದು ಇದು: ಮುಧೋಳ ಅರಮನೆಯ ದರ್ಬಾರ್ ಹಾಲ್ ಅಲ್ಲಿದೆ. ಮುಧೋಳ ಅವರದೇ ಜಿಲ್ಲೆಯ ಊರು. ಅವರ ಊರಿನ ದರ್ಬಾರು ನಮ್ಮ ಮಣಿಪಾಲದಲ್ಲಿ ಕುಳಿತಿದೆ. ಅಜ್ಜನಿಗೆ ಮೊದಲೇ ಹೇಳದೆ ಕರೆದುಕೊಂಡು ಹೋಗಿ.

ಘಟ್ಟದ ಮೇಲಿನವನು
ಇದು ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಮಣಿಪಾಲದಲ್ಲೇ ಇದ್ದೇನೆ. ಈ ಭಾನುವಾರ ಹೋಗುತ್ತೇನೆ.

ಬಾರ್ಕೂರಿನವಳು
ಕೃಷ್ಣ ಮಠದಲ್ಲಿಯೂ ಆ ಕಡೆಯವರ ಹಕ್ಕು ದೊಡ್ಡದು. ಕನಕದಾಸರು ಹಾವೇರಿಯ ಬಾಡದವರು. ಅಷ್ಟು ದೂರದಿಂದ ಬಂದವರಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಕನಕನ ಕಿಂಡಿಯ ಎದುರು ಬೀಗರನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಬಿಡಿ.

ರಥಬೀದಿ
ಮಠಕ್ಕೆ ಹೋದಾಗ ಅನಂತೇಶ್ವರ, ಚಂದ್ರಮೌಳೀಶ್ವರ ಎರಡನ್ನೂ ನೋಡಿ, ಅಲ್ಲೇ ಎದುರಿಗಿವೆ. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ ಎಂದು ಮೊದಲೇ ತಿಳಿಸಿ, ಕೆಲವರಿಗೆ ಮುಜುಗರವಾಗುತ್ತದೆ. ವಾಹನವನ್ನು ರಾಜಾಂಗಣದ ಬಳಿ ನಿಲ್ಲಿಸಬಹುದು. ಮಧ್ವ ಸರೋವರದ ಹಿಂಬದಿಗೆ ಹೋಗಿ ಕಟ್ಟಿಗೆ ರಥ ನೋಡಿ. ಪರ್ಯಾಯಕ್ಕೆ, ಅಂದರೆ ಮಠಗಳ ಪೂಜೆಯ ಸರದಿ ಬದಲಾಗುವುದಕ್ಕೆ, ಮೊದಲು ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದು. ಎಂಟು ಮಠಗಳು ಎರಡೆರಡು ವರ್ಷ ಪೂಜೆ ಹಂಚಿಕೊಂಡಿರುವುದು, ಎರಡು ತಿಂಗಳ ಸರದಿಯನ್ನು ಯತಿ ವಾದಿರಾಜರು ಎರಡು ವರ್ಷಕ್ಕೆ ಬದಲಿಸಿದ್ದು, ಸಮ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ ಸರದಿ ಬದಲಾಗುವುದು, ಇಷ್ಟು ಹೇಳಿದರೆ ಸಾಕು. ಆ ಸೌದೆ ರಾಶಿಯ ಮುಂದೆ ನಿಂತಾಗಲೇ ಹೇಳಬೇಕು. ಕಾರಿನಲ್ಲಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಆಟದ ಹುಚ್ಚು
ಒಂದು ರಾತ್ರಿ ಆಟಕ್ಕೆ ಇಡಿ. ದೀಪಾವಳಿ ಕಳೆದು ಮೇಳಗಳೆಲ್ಲ ತಿರುಗಾಟಕ್ಕೆ ಹೊರಟಿರುತ್ತವೆ, ಡಿಸೆಂಬರ್‌ನಲ್ಲಿ ಎಲ್ಲಾದರೊಂದು ಕಡೆ ಹರಕೆ ಆಟ ಇದ್ದೇ ಇರುತ್ತದೆ. ಬ್ರಹ್ಮಾವರದ ಆಚೆಗೆ ಹೋದರೆ ಉತ್ತರದ ಶೈಲಿ ಬಡಗುತಿಟ್ಟು, ಮಂಗಳೂರಿನ ಕಡೆಗೆ ದಕ್ಷಿಣದ ಶೈಲಿ ತೆಂಕುತಿಟ್ಟು. ದೊಡ್ಡಾಟ, ಸಣ್ಣಾಟ ನೋಡಿದ ಜನಕ್ಕೆ ಯಕ್ಷಗಾನವನ್ನು ವಿವರಿಸುವ ಅಗತ್ಯವಿಲ್ಲ, ಅವರೇ ನಿಮಗೆ ವಿವರಿಸುತ್ತಾರೆ. ಆಟ ಆರಂಭವಾಗುವ ಮುಂಚೆ ಆ ಹುಡುಗಿಯನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ. ಕಲಾವಿದರು ಸಾಲಾಗಿ ಕುಳಿತು ತಾವೇ ತಮ್ಮ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಕೇಳಿ ಒಳಗೆ ಹೋಗಿ, ಮೂಲೆಯಲ್ಲಿ ಕುಳಿತುಕೊಳ್ಳಲಿ, ಮಾತನಾಡಿಸದಿರಲಿ. ಚಿತ್ರ ಬರೆಯುವ ಮಗು ಆ ಒಂದು ಗಂಟೆಯನ್ನು ಮರೆಯುವುದಿಲ್ಲ.

ಇಡೀ ರಾತ್ರಿ ಕೂರಲು ಆಗದವರಿಗೆ ಕಾಲಮಿತಿಯ ಆಟಗಳೂ ಇವೆ.

ಬಿದಿರೆ ಮೇಷ್ಟ್ರು
ಕಾಲಮಿತಿ ಆಟ ಆಟವೇ ಅಲ್ಲ. ಬೆಳಗಿನ ಜಾವ ಬಣ್ಣದ ವೇಷ ಬರುವ ಹೊತ್ತಿಗೆ ಚೆಂಡೆ ಕೇಳಬೇಕು.

ಆಟದ ಹುಚ್ಚು
ಮೇಷ್ಟ್ರೇ, ಬೆಳಗಿನ ತನಕ ಕೂರುವವರು ಕಡಿಮೆಯಾದರು ಎಂದೇ ಕಾಲಮಿತಿ ಬಂತು. ಅದರಿಂದ ಹೊಸ ಪ್ರೇಕ್ಷಕರು ಬಂದರು. ಮನೆಯ ಮಕ್ಕಳನ್ನು ಕರೆತರುವ ತಾಯಂದಿರು ಹನ್ನೆರಡು ಗಂಟೆಗೆ ಮನೆ ಸೇರಬಹುದು ಎಂದೇ ಬರುತ್ತಾರೆ. ಇದನ್ನು ನಾನು ಒಪ್ಪಿಕೊಳ್ಳುವುದಕ್ಕೂ ವರ್ಷಗಳು ಬೇಕಾದವು.

ಬಿದಿರೆ ಮೇಷ್ಟ್ರು
ತಾಯಂದಿರ ಮಾತು ಸರಿ. ಬೇರೆ ಎಳೆಯಲ್ಲಿ ಇದನ್ನು ಚರ್ಚಿಸೋಣ.

ಕಾರ್ಕಳದ ಅಳಿಯ
ದೈವದ ಕೋಲಕ್ಕೂ ಕರೆದುಕೊಂಡು ಹೋಗಿ. ಈಗ ಎಲ್ಲೆಡೆಯಿಂದ ಜನ ಅದನ್ನು ನೋಡಲೆಂದೇ ಬರುತ್ತಾರೆ.

ಗುತ್ತಿನ ಮನೆ
ಇದಕ್ಕೆ ನಾನು ಉತ್ತರಿಸಲೇಬೇಕು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನೇಮ, ನೀವು ಹೇಳುವ ಕೋಲ, ನಡೆಯುತ್ತದೆ. ಎರಡು ವರ್ಷದ ಹಿಂದೆ ಗುರುತು ಪರಿಚಯವಿಲ್ಲದ ಹತ್ತು ಹನ್ನೆರಡು ಮಂದಿ ಕ್ಯಾಮೆರಾ ಹಿಡಿದು ಬಂದರು. ಒಬ್ಬ ದೈವದ ಎದುರೇ ನೆಲದ ಮೇಲೆ ಮಲಗಿ ಚಿತ್ರ ತೆಗೆದ. ಇನ್ನೊಬ್ಬ ಕೂಗನ್ನು ಅನುಕರಿಸಿ ನಕ್ಕ. ನಮ್ಮ ತಾಯಿ ಆ ರಾತ್ರಿ ಊಟ ಮಾಡಲಿಲ್ಲ. ನೇಮ ಎನ್ನುವುದು ನೋಡುವ ವಸ್ತುವಲ್ಲ. ನಮ್ಮ ಕುಟುಂಬದ ದುಃಖ, ಜಗಳ, ಕಾಯಿಲೆ ಎಲ್ಲವನ್ನೂ ಹೇಳಿಕೊಳ್ಳುವ ಜಾಗ ಅದು.

ಕಾರ್ಕಳದ ಅಳಿಯ
ಹಾಗಾದರೆ ಹೊರಗಿನವರು ಬರಲೇಬಾರದೇ? ನಾನೂ ಹೊರಗಿನವನೇ. ಮದುವೆಯಾದ ಮೇಲೆ ಹೆಂಡತಿಯ ಮನೆಯ ನೇಮಕ್ಕೆ ಬಂದೆ. ಮೊದಲ ಸಲ ದೈವದ ಕಥೆ ಹೇಳುವ ತುಳು ಹಾಡು ಪಾಡ್ದನ ಕೇಳಿದಾಗ ಒಂದು ಶಬ್ದವೂ ತಿಳಿಯಲಿಲ್ಲ, ಕಣ್ಣು ಮಾತ್ರ ತುಂಬಿತು.

ಗುತ್ತಿನ ಮನೆ
ಬರಬೇಡಿ ಎಂದು ಹೇಳಲಿಲ್ಲ ಅಣ್ಣ. ನೀವು ಮನೆಯವರಾಗಿ ಬಂದಿರಿ, ಆ ವ್ಯತ್ಯಾಸವನ್ನಷ್ಟೇ ಹೇಳುತ್ತಿದ್ದೇನೆ. ಪರಿಚಯದ ಮನೆಯವರು ಕರೆದರೆ ಹೋಗಲಿ. ಬದಿಯಲ್ಲಿ ಕುಳಿತುಕೊಳ್ಳಲಿ. ಮೊಬೈಲ್ ಚೀಲದಲ್ಲಿರಲಿ. ಗಂಧ ಪ್ರಸಾದ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಲಿ. ಊಟ ಮಾಡದೆ ಹೋಗಬಾರದು. ಆ ದಿನಗಳಲ್ಲಿ ನಮ್ಮ ಪರಿಚಯದವರಲ್ಲಿ ನೇಮವಿದ್ದರೆ ಇಂದ್ರಾಳಿ ಅಕ್ಕನಿಗೆ ನಾನೇ ತಿಳಿಸುತ್ತೇನೆ.

ಇಂದ್ರಾಳಿ ಮನೆ
ನಿಮ್ಮ ತಾಯಿಯ ಮಾತು ಓದಿ ತುಂಬ ಬೇಸರವಾಯಿತು. ಕರೆಯದೆ ನಾವು ಎಲ್ಲಿಗೂ ಹೋಗುವುದಿಲ್ಲ.

ಮಿಯಾರು ಕರೆ
ಹುಡುಗನಿಗೆ ಕಂಬಳ! ವಾರದ ಕೊನೆಗೆ ಎಲ್ಲಾದರೂ ಇರುತ್ತದೆ, ವೇಳಾಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ಹಗಲು ರಾತ್ರಿ ನಡೆಯುವುದರಿಂದ ಯಾವಾಗ ಹೋದರೂ ಓಟ ಸಿಗುತ್ತದೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಯಾರು ಮುಂದೆ ಎಂದು ನೋಡುವುದು. ಕೋಣಗಳಿಗೆ ಕಟ್ಟಿದ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆಯಲ್ಲಿ ಮಾತ್ರ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ, ಮೇಲೆ ಕಟ್ಟಿದ ನಿಶಾನೆ ಒದ್ದೆಯಾಗಬೇಕು. ಮಂಜೊಟ್ಟಿಯ ಬಳಿ ಮಕ್ಕಳನ್ನು ನಿಲ್ಲಿಸಬೇಡಿ, ಕೋಣಗಳು ಓಟ ಮುಗಿಸಿ ಮೇಲೆ ನುಗ್ಗಿ ಬರುತ್ತವೆ. ಬದಿಯಿಂದ ನೋಡಿ.

ಅಡುಗೆಮನೆ
ಊಟದ ಬಗ್ಗೆ ಯಾರಿಗೂ ಚಿಂತೆಯೇ ಇಲ್ಲ. ಕುಚ್ಚಲಕ್ಕಿ ಅನ್ನವನ್ನು ಮೊದಲ ದಿನವೇ ಬಡಿಸಬೇಡಿ. ಜೋಳದ ರೊಟ್ಟಿ ತಿಂದವರಿಗೆ ತೆಂಗಿನೆಣ್ಣೆಯ ಪರಿಮಳವೂ ಹೊಸದು, ಒಗ್ಗರಣೆಗೆ ಸ್ವಲ್ಪವೇ ಹಾಕಿ. ಬೆಳಿಗ್ಗೆ ನೀರುದೋಸೆ, ಕಾಯಿಬೆಲ್ಲ. ಒಂದು ದಿನ ಹಲಸಿನ ಎಲೆಯ ಕೊಟ್ಟೆ ಕಡುಬು. ಸಂಜೆ ಬನ್ಸ್, ಗೋಳಿಬಜೆ. ಮಟ್ಟುಗುಳ್ಳ ಎಂಬ ಬದನೆ ಬಂದಿದ್ದರೆ ಬಿಡಬೇಡಿ. ವಾದಿರಾಜರು ಮಟ್ಟು ಗ್ರಾಮದವರಿಗೆ ಬೀಜ ಕೊಟ್ಟರು ಎಂಬ ನಂಬಿಕೆ ಇದೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಎಣ್ಣೆಗಾಯಿ ಮಾಡುವ ಕೈಗೆ ಒಂದು ಗುಳ್ಳ ಕೊಟ್ಟು ನೋಡಿ, ಬೀಗಿತ್ತಿಯೇ ಅಡುಗೆಮನೆಗೆ ಬರುತ್ತಾರೆ.

ಕುಡ್ಲದವಳು
ಮಂಗಳೂರಿಗೆ ಬಂದಾಗ ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಿ, ಅದು ನಮ್ಮೂರಿನ ಹೆಮ್ಮೆ.

ರಥಬೀದಿ
ಗಡ್‌ಬಡ್ ಉಡುಪಿಯದು.

ಕುಡ್ಲದವಳು
ಎಲ್ಲಿ ಹುಟ್ಟಿದರೇನು, ಅದಕ್ಕೆ ಹೆಸರು ತಂದುಕೊಟ್ಟದ್ದು ಮಂಗಳೂರು. ಅದಿರಲಿ, ಅಕ್ಕ, ಅವರು ಬರುವುದು ವಿಜಯಪುರ ಮಂಗಳೂರು ರೈಲಿನಲ್ಲಿ ಅಲ್ಲವೇ? ಹಾಗಿದ್ದರೆ ಮಂಗಳೂರನ್ನು ಕೊನೆಗೆ ಏಕೆ ಇಟ್ಟಿರಿ? ಸಕಲೇಶಪುರ ದಾಟಿ ಘಟ್ಟ ಇಳಿಯುವ ದಾರಿ ಹಗಲಿನಲ್ಲಿ ಸಿಕ್ಕಿದರೆ ಅದೇ ಮೊದಲ ನೋಟ, ಐವತ್ತೇಳು ಸುರಂಗ ಎಣಿಸುವ ಕೆಲಸವನ್ನು ಹುಡುಗನಿಗೆ ಕೊಡಿ. ಮಂಗಳೂರಿನಲ್ಲಿ ಇಳಿದ ಮೇಲೆ ಅಲ್ಲೇ ಒಂದು ರಾತ್ರಿ ಉಳಿಯಲಿ. ವೇಳಾಪಟ್ಟಿ ಮಾತ್ರ ಹೊರಡುವ ಮೊದಲು ಮತ್ತೊಮ್ಮೆ ನೋಡಿಕೊಳ್ಳಿ.

ಸೇಂಟ್ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಆ ಹುಡುಗಿ ಹೋಗಲೇಬೇಕು. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಗೋಡೆ, ಛಾವಣಿ ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಅವುಗಳಲ್ಲಿ ಹೆಚ್ಚಿನವು ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕಾದ ಕೆಲಸ, ತಪ್ಪಿದರೆ ಕೆರೆದು ಮತ್ತೆ ಬಳಿಯಬೇಕು. ಅಲ್ಲಿಂದ ಕದ್ರಿ. ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ. ಅಜ್ಜನ ಮೊದಲ ಸೂರ್ಯಾಸ್ತಮಾನ ಅಲ್ಲೇ ಆಗಲಿ.

ಕೋಟದ ಕಡೆ
ಮೊದಲ ಕಡಲು ಕೋಡಿಬೆಂಗ್ರೆಯಲ್ಲಿ ಎಂದು ನಾನು ಹೇಳಿದ್ದೆ!

ಹೆಂಚಿನ ಮಾಡು
ಮಂಗಳೂರಿನಲ್ಲಿ ತಲೆ ಎತ್ತಿ ನೋಡಬೇಕಾದದ್ದು ಹೆಂಚು. ಬಾಸೆಲ್ ಎಂಬ ಕ್ರೈಸ್ತ ಮಿಷನ್ನಿನ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ದಡದ ಮಣ್ಣು. ಅದಕ್ಕೂ ಮುಂಚೆ, 1843ರಲ್ಲಿ, ಅದೇ ಮಿಷನ್ನಿನ ಮೊಗ್ಲಿಂಗ್ ಕನ್ನ­ಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇಲ್ಲೇ ಹೊರಡಿಸಿದರು. ಬಾಗಲಕೋಟೆಯ ಗುಳೇದಗುಡ್ಡದಲ್ಲೂ ಆ ಮಿಷನ್ ಇತ್ತು, ಅಜ್ಜನಿಗೆ ಗೊತ್ತಿರಬಹುದು.

ಕಾರ್ಕಳದ ಅಳಿಯ
ಕಾರ್ಕಳವನ್ನು ಎಲ್ಲರೂ ಮರೆತಿರಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ, ಅದೇ ಕಾಲದ ಚತುರ್ಮುಖ ಬಸದಿ, ಎರಡೂ ಎದುರುಬದುರು ಗುಡ್ಡದಲ್ಲಿ.

ಬಿದಿರೆ ಮೇಷ್ಟ್ರು
ಗೊಮ್ಮಟನ ವರ್ಷ ಸರಿ. ಚತುರ್ಮುಖ ಬಸದಿ 1586ರದು, ಇಮ್ಮಡಿ ಭೈರರಸನ ಕಾಲ. ನೂರೈವತ್ತು ವರ್ಷಕ್ಕೂ ಹೆಚ್ಚಿನ ಅಂತರ. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು, ಯಾವುದು ಮುಂಭಾಗ ಎಂದು ಹೇಳಲಾಗದು. ಅಜ್ಜಿಗಾಗಿ ವೇಣೂರನ್ನು ಆರಿಸಿ. ಅಲ್ಲಿಯ ಗೊಮ್ಮಟ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು, ಸಮತಟ್ಟಾದ ನೆಲದಲ್ಲಿ, ಫಲ್ಗುಣಿ ನದಿಯ ಬಳಿ. ಗುಡ್ಡ ಹತ್ತುವ ಕಷ್ಟವಿಲ್ಲ.

ಕೋಟದ ಕಡೆ
ಮುರುಡೇಶ್ವರ, ಧರ್ಮಸ್ಥಳ ಎರಡನ್ನೂ ಈ ಸಲ ಬಿಡಿ. ಒಂದೊಂದಕ್ಕೂ ಒಂದು ದಿನ ಬೇಕು.

ಇಂದ್ರಾಳಿ ಮನೆ
ಧರ್ಮಸ್ಥಳ ಬಿಡಲು ಅಜ್ಜಿ ಒಪ್ಪುವುದಿಲ್ಲ. ಮಂಜುನಾಥನಿಗೆ ಹರಕೆ ಇದೆ.

ಬಿದಿರೆ ಮೇಷ್ಟ್ರು
ಹರಕೆಯನ್ನು ಬಿಡಿಸಬಾರದು. ಹಾಗಾದರೆ ಮೂಡುಬಿದಿರೆ, ವೇಣೂರು, ಧರ್ಮಸ್ಥಳ ಒಂದೇ ದಾರಿಯಲ್ಲಿ. ಕಾರ್ಕಳವನ್ನು ಬಿಡಿ.

ಕಾರ್ಕಳದ ಅಳಿಯ
ನನ್ನೂರನ್ನು ಬಿಡಿಸಿಬಿಟ್ಟಿರಿ. ಅಜ್ಜಿಯ ಹರಕೆಗಾಗಿ ಒಪ್ಪಿದೆ.

ಇಂದ್ರಾಳಿ ಮನೆ
ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಬೀಗರು ಮೊನ್ನೆ ಹೊರಟರು.

ಮಂಗಳೂರಿನಿಂದಲೇ ಆರಂಭಿಸಿದೆವು. ಹುಡುಗಿ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಕುತ್ತಿಗೆ ನೋಯುವ ತನಕ ಛಾವಣಿ ನೋಡಿದಳು. ಜಿರಾಫೆಯನ್ನು ಅವಳಿಗಿಂತ ಮುಂಚೆ ತಮ್ಮ ಹುಡುಕಿದ, ಅದಕ್ಕೆ ಒಂದು ಜಗಳವೂ ಆಯಿತು. ಮಲ್ಪೆ ಅಣ್ಣ ಅವನನ್ನು ಬಂದರಿಗೆ ಕರೆದುಕೊಂಡು ಹೋದರು, ಅವನು ಈಗ ಹರಾಜು ಕೂಗುವುದನ್ನು ಕಲಿತಿದ್ದಾನೆ. ಆಟ ಸಿಕ್ಕಿತು, ನೇಮ ಸಿಗಲಿಲ್ಲ, ಕಂಬಳ ತಪ್ಪಿತು. ಕೊಲ್ಲೂರು, ಮರವಂತೆ, ಬಾರ್ಕೂರು ಯಾವುದಕ್ಕೂ ಹೋಗಲಿಲ್ಲ.

ಹೋಗದಿರಲು ಕಾರಣ ಅಜ್ಜ. ತಣ್ಣೀರುಬಾವಿಗೆ ತಲುಪುವ ಹೊತ್ತಿಗೆ ಕತ್ತಲಾಗಿತ್ತು, ಅಲ್ಲಿ ಅವರಿಗೆ ಕೇಳಿಸಿದ್ದು ಸದ್ದು ಮಾತ್ರ. ಹಾಗಾಗಿ ಕೋಡಿಬೆಂಗ್ರೆಯಲ್ಲೇ ಅವರು ಕಡಲು ನೋಡಿದ್ದು. ಕುರ್ಚಿ ಹಾಕಿ ಕೂರಿಸಿದೆವು. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರ ತನಕ ಏಳಲಿಲ್ಲ. ನಡುವೆ ಒಮ್ಮೆ, ಇದು ರಾತ್ರಿಯೂ ಹೀಗೆಯೇ ಬಡಿಯುತ್ತಿರುತ್ತದೆಯೇ ಎಂದು ಕೇಳಿದರು. ಹೌದು ಎಂದೆ. ಮರುದಿನ ಮತ್ತೆ ಅಲ್ಲಿಗೇ ಹೋಗೋಣ ಎಂದರು, ಹೋದೆವು. ಅಜ್ಜಿ ಪಕ್ಕದ ಕುರ್ಚಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು.

ಮುಧೋಳದ ದರ್ಬಾರ್ ಹಾಲ್‌ನಲ್ಲಿ ಅಜ್ಜ ಕಂಬವನ್ನು ಮುಟ್ಟಿ ನೋಡಿ, ಇದು ನಮ್ಮ ಕಡೆಯದು ಎಂದು ಮಾರ್ಗದರ್ಶಿಯ ಮಾತಿಗೆ ಮುಂಚೆಯೇ ಹೇಳಿದರು.

ಕೋಟದ ಕಡೆ
ಎರಡು ದಿನವೂ ಕೋಡಿಬೆಂಗ್ರೆ! ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ.

ಹೆಂಚಿನ ಮಾಡು
ಅಜ್ಜ ಹೇಗೆ ಗುರುತು ಹಿಡಿದರು? ಕೆತ್ತನೆಯಿಂದಲೇ, ಮರದ ಜಾತಿಯಿಂದಲೇ? ದಯವಿಟ್ಟು ಕೇಳಿ ತಿಳಿಸಿ.

ಇಂದ್ರಾಳಿ ಮನೆ
ನಾಳೆ ಫೋನ್ ಮಾಡುವಾಗ ಕೇಳುತ್ತೇನೆ. ಬೇಸಿಗೆ ರಜೆಗೆ ನಮ್ಮನ್ನು ಅಲ್ಲಿಗೆ ಕರೆದಿದ್ದಾರೆ. ಮೇಗುತಿಯ ಶಾಸನದಲ್ಲಿ ಆಳುಪರ ಹೆಸರು ಇರುವ ಸಾಲು ತೋರಿಸುತ್ತೇನೆ ಎಂದು ಅಜ್ಜನೇ ಹೇಳಿದ್ದಾರೆ.

ಘಟ್ಟದ ಮೇಲಿನವನು
ಬೇಸಿಗೆಯಲ್ಲಿ ಬೇಡ ಅಕ್ಕ, ಬಂಡೆ ಸುಡುತ್ತದೆ. ನವೆಂಬರ್ ಕಳೆದ ಮೇಲೆ ಹೋಗಿ. ಹೊಸ ಎಳೆ ಆರಂಭಿಸಿ, ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ನಾನು ಬರೆಯುತ್ತೇನೆ.

ಅಡುಗೆಮನೆ
ಗುಳ್ಳ ಸಿಕ್ಕಿತೇ? ಅದನ್ನು ಹೇಳಲೇ ಇಲ್ಲ.

ಇಂದ್ರಾಳಿ ಮನೆ
ಸಿಕ್ಕಿತು. ಬೀಗಿತ್ತಿ ಶೇಂಗಾ, ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿದರು. ಹೋಗುವಾಗ ಎರಡು ಕಿಲೋ ಕಟ್ಟಿಕೊಂಡು ಹೋದರು. ಬೀಜ ಒಣಗಿಸಿ ಅಲ್ಲಿ ಬಿತ್ತುತ್ತಾರಂತೆ.

ಅಡುಗೆಮನೆ
ಮಟ್ಟುವಿನ ಮಣ್ಣು ಬಿಟ್ಟು ಬೇರೆಡೆ ಬೆಳೆದರೆ ಆ ರುಚಿ ಬರುವುದಿಲ್ಲ ಎನ್ನುತ್ತಾರೆ. ಆದರೂ ಬಿತ್ತಲಿ. ಕಾಯಿ ಬಿಟ್ಟರೆ ಚಿತ್ರ ಕಳುಹಿಸಲು ಹೇಳಿ.